ಡೀಸೆಲ್ ವಾಸನೆ ಇಲ್ಲದ ಡಿಪೋ: ಬೆಳಗಾವಿಯಿಂದ ಕೋಲ್ಕತ್ತಾದ ಟ್ರಾಮ್ ಕಾರ್ಖಾನೆಗೆ

ಗುರುವಾರ

ಬೆಳಗಾವಿ ಕಡೆಯವರು ಕೋಲ್ಕತ್ತಾಗೆ ಹೋಗಬೇಕಂದ್ರೆ ಹುಬ್ಬಳ್ಳಿಗೆ ಬಂದು ಅಮರಾವತಿ ಎಕ್ಸ್‌ಪ್ರೆಸ್ ಹಿಡಿಯೋದು ಸಲೀಸು. ವಾಸ್ಕೋದಿಂದ ಬರುವ ಗಾಡಿ ಇದು. ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ ಗುಂತಕಲ್ ಮೇಲೆ ಆಂಧ್ರಕ್ಕೆ ಇಳಿಯುತ್ತದೆ. ಆಮೇಲೆ ಒಡಿಶಾ, ಬಂಗಾಳ. 2024ರ ಡಿಸೆಂಬರಿನಲ್ಲಿ ನಾನು ಮತ್ತು ಕಾಕಾ ಇದೇ ಗಾಡಿಯಲ್ಲಿ ಹೊರಟೆವು.

ಕಾಕಾ ಅಂದ್ರೆ ನಮ್ಮಪ್ಪನ ತಮ್ಮ. ಬೆಳಗಾವಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸೇರಿ ಅಲ್ಲೇ ನಿವೃತ್ತರಾದವರು. ಟಿಳಕವಾಡಿ ರೈಲ್ವೆ ಗೇಟಿನ ಹತ್ತಿರ ಅವರ ಮನೆ. ಈಗಲೂ ಓಣಿಯಲ್ಲಿ ಯಾರದ್ದಾದರೂ ಗಾಡಿ ಸರಿಯಾಗಿ ಸ್ಟಾರ್ಟ್ ಆಗದಿದ್ದರೆ ಅವರೇ ಹೋಗಬೇಕು.

ಈ ಪ್ರವಾಸಕ್ಕೆ ಕಾರಣ ಒಂದು ಸುದ್ದಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಕೋಲ್ಕತ್ತಾದ ಟ್ರಾಮ್, ಅಂದ್ರೆ ರಸ್ತೆಯಲ್ಲೇ ಹಾಕಿದ ಹಳಿ ಮೇಲೆ ಕರೆಂಟಿನಿಂದ ಓಡುವ ಗಾಡಿ, ನಿಲ್ಲಿಸುವುದಾಗಿ ಹೇಳಿತ್ತು. ಎಸ್‌ಪ್ಲನೇಡ್‌ನಿಂದ ಮೈದಾನದವರೆಗಿನ ಒಂದು ಮಾರ್ಗವನ್ನು ಮಾತ್ರ ಪರಂಪರೆಯ ನೆನಪಿಗೆ ಉಳಿಸುತ್ತೇವೆ ಎಂದಿತ್ತು. ಪೇಪರ್ ಓದಿದ ಕಾಕಾ ನನಗೆ ಫೋನ್ ಮಾಡಿದರು. "ನಮ್ಮ ಅಪ್ಪ ಮುಂಬೈ ಟ್ರಾಮ್ ಕಂಡಿದ್ದ. ನಾ ಒಂದೂ ಕಂಡಿಲ್ಲ. ಇರೂದರಾಗ ಹೋಗಿ ಬರೂಣು ನಡಿ" ಅಂದರು.

ಅಜ್ಜ ಮುಂಬೈನ ಪರೇಲಿನ ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡಿದವರು. ಆಗ ಬೆಳಗಾವಿಯೂ ಮುಂಬೈ ರಾಜ್ಯದಲ್ಲೇ ಇತ್ತಲ್ವಾ, ದುಡಿಯಲು ಹೋಗುವವರಿಗೆ ಮುಂಬೈಯೇ ಊರು. ಅಲ್ಲಿ ಎರಡು ಮಹಡಿಯ ಟ್ರಾಮ್ ಇತ್ತು, ಮೇಲೆ ಕೂತರೆ ಗಾಳಿ ಬರುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದರು. ಮುಂಬೈನಲ್ಲಿ ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ರಂದು, ಬೋರಿಬಂದರ್‌ನಿಂದ ದಾದರ್‌ಗೆ. ಮದ್ರಾಸಿನಲ್ಲಿ 1953ರಲ್ಲೇ ನಿಂತಿತ್ತು. ದಿಲ್ಲಿಯದ್ದು 1963ರಲ್ಲಿ ನಿಂತಿತು. ದೇಶದಲ್ಲಿ ಉಳಿದದ್ದು ಕೋಲ್ಕತ್ತಾ ಒಂದೇ.

ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ಡಿಪೋದವರಿಗೆ ಕೊಡಲು ಕುಂದಾದ ಡಬ್ಬಿ. ಡಿಪೋದೊಳಗೆ ಬರಿಗೈಲಿ ಹೋಗಬಾರದು ಅನ್ನೋದು ಕಾಕಾ ಕಲಿತ ಪಾಠ.

ಶುಕ್ರವಾರ

ದಿನವಿಡೀ ರೈಲು. ಬೆಳಗಾದಾಗ ಆಂಧ್ರದ ಭತ್ತದ ಗದ್ದೆಗಳು, ಸಂಜೆಗೆ ಒಡಿಶಾದ ಚಿಲಿಕಾ ಸರೋವರ ಹಳಿಯ ಪಕ್ಕಕ್ಕೇ ಬಂದಿತ್ತು. ಕೋಲ್ಕತ್ತಾ ತಲುಪಿದಾಗ ನಡುರಾತ್ರಿ. ಹೋಟೆಲ್ಲಿಗೆ ಹೋಗಿ ಮಲಗಿದೆವು.

ಶನಿವಾರ

ಮೊದಲು ಗಾರಿಯಾಹಾಟ್ ಡಿಪೋ. ಇದರ ಒಂದು ಭಾಗವನ್ನು 2020ರಲ್ಲಿ ಟ್ರಾಮ್ ವರ್ಲ್ಡ್ ಎಂಬ ವಸ್ತು ಸಂಗ್ರಹಾಲಯ ಮಾಡಿದ್ದಾರೆ. ಹಳೆಯ ಗಾಡಿಗಳಿಗೆ ಬಣ್ಣ ಹೊಡೆದು, ದೀಪ ಹಾಕಿ ನಿಲ್ಲಿಸಿದ್ದಾರೆ. ಮಕ್ಕಳು ಹತ್ತಿ ಇಳಿದು ಖುಷಿಪಡುತ್ತಿದ್ದರು. ನೋಡಲು ಚೆನ್ನಾಗಿದೆ. ಆದರೆ ಕಾಕಾ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಓಡುವ ಗಾಡಿ ಎಲ್ಲಿ ಅನ್ನೋದೇ ಅವರ ಪ್ರಶ್ನೆ.

ಓಡುವ ಗಾಡಿ ಹೊರಗೇ ನಿಂತಿತ್ತು, 25ನೇ ನಂಬರ್, ಗಾರಿಯಾಹಾಟ್‌ನಿಂದ ಎಸ್‌ಪ್ಲನೇಡ್‌ಗೆ. ನಾವು ಹೋದಾಗ ಊರಲ್ಲಿ ಓಡುತ್ತಿದ್ದದ್ದು ಇದು ಮತ್ತು ಶ್ಯಾಮಬಜಾರ್–ಎಸ್‌ಪ್ಲನೇಡ್ ನಡುವಿನ 5ನೇ ನಂಬರ್, ಇಷ್ಟೇ.

ಎರಡು ಡಬ್ಬಿ ಜೋಡಿಸಿದ ಗಾಡಿ. ಮುಂದಿನ ಡಬ್ಬಿ ಮೊದಲ ದರ್ಜೆ, ಹಿಂದಿನದು ಎರಡನೆಯದು, ಹಳೇ ಕಾಲದಿಂದ ಬಂದ ಲೆಕ್ಕ ಇದು. ಟಿಕೆಟ್ ಆಗ ಹತ್ತು ರೂಪಾಯಿಯೊಳಗಿತ್ತು. ಮೇಲೆ ಒಂದೇ ತಂತಿ, ಅದರಲ್ಲಿ 550 ವೋಲ್ಟ್ ಡಿಸಿ ಕರೆಂಟ್. ಚಾವಣಿಯ ಮೇಲಿನ ಉದ್ದ ಕೋಲು ಆ ತಂತಿಯನ್ನು ಒತ್ತಿ ಹಿಡಿದಿರುತ್ತದೆ. ಕರೆಂಟ್ ಅದರಿಂದ ಇಳಿದು ಮೋಟಾರಿಗೆ ಹೋಗಿ, ಚಕ್ರದ ಮೂಲಕ ಹಳಿಗೆ ಸೇರಿ ವಾಪಸ್ ಹೋಗುತ್ತದೆ. ಹಳಿಯೇ ಎರಡನೆಯ ತಂತಿ.

ನಾವು ಚಾಲಕರ ಬೆನ್ನ ಹಿಂದೆಯೇ ಕೂತೆವು. ಸ್ಟೇರಿಂಗ್ ಇಲ್ಲ, ಕ್ಲಚ್ ಇಲ್ಲ, ಗೇರ್ ಇಲ್ಲ. ಎಡಗೈಗೆ ಒಂದು ಹಿತ್ತಾಳೆ ಹಿಡಿಕೆ, ಕಾಲ ಕೆಳಗೆ ಗಂಟೆ ಹೊಡೆಯುವ ಗುಂಡಿ. ಹಿಡಿಕೆಯನ್ನು ಒಂದೊಂದೇ ಮೆಟ್ಟಿಲಂತೆ ತಿರುಗಿಸುತ್ತಾರೆ. ಪ್ರತಿ ಮೆಟ್ಟಿಲಿಗೂ 'ಕಟ್' ಎಂಬ ಸದ್ದು. ಗಾಡಿ ಒಂದು ಚೂರೂ ಎಳೆದಾಡದೆ ಜಾರಿಕೊಂಡು ಹೊರಟಿತು. ಕಾಕಾ ಮುಂದಕ್ಕೆ ಬಾಗಿ ನೋಡುತ್ತಲೇ ಇದ್ದರು.

ಪಾರ್ಕ್ ಸರ್ಕಸ್ ದಾಟಿದ ಮೇಲೆ ಒಂದು ಕಡೆ ಹಳಿ ಕವಲೊಡೆಯುತ್ತದೆ. ಅಲ್ಲಿ ಗಾಡಿ ನಿಂತಿತು. ಒಬ್ಬರು ಕಬ್ಬಿಣದ ಸಲಾಕೆ ತಗೊಂಡು ಕೆಳಗಿಳಿದರು. ಬೈಕು, ಆಟೊ, ಟ್ಯಾಕ್ಸಿಗಳ ನಡುವೆಯೇ ಬಗ್ಗಿ, ಹಳಿಯ ಸಂದಿಗೆ ಸಲಾಕೆ ಹಾಕಿ ಮೀಟಿ, ಗಾಡಿಯ ದಾರಿ ಬದಲಿಸುವ ಹಳಿಯ ನಾಲಿಗೆಯನ್ನು ಈ ಕಡೆಗೆ ತಂದರು. ಮತ್ತೆ ಹತ್ತಿದರು. ಹಿಂದೆ ಹಾರ್ನ್ ಮೇಲೆ ಹಾರ್ನ್. ನನಗೆ ಅವರ ಮೇಲೆ ತುಂಬಾ ಗೌರವ ಬಂತು. ಅಷ್ಟು ಗದ್ದಲದಲ್ಲಿ ಒಬ್ಬ ಮನುಷ್ಯ ನಿಧಾನವಾಗಿ, ಸರಿಯಾಗಿ ಒಂದು ಕೆಲಸ ಮುಗಿಸೋದು ಸಣ್ಣ ಮಾತಲ್ಲ.

ಭಾನುವಾರ

ಎಸ್‌ಪ್ಲನೇಡ್ ಟರ್ಮಿನಸ್ಸಿನಲ್ಲಿ ಸ್ಮರಣಿಕಾ ಎಂಬ ಪುಟ್ಟ ಸಂಗ್ರಹಾಲಯ ಇದೆ. 1938ರಲ್ಲಿ ಕಟ್ಟಿದ ಒಂದು ಟ್ರಾಮಿನೊಳಗೇ ಮಾಡಿದ್ದಾರೆ, 2014ರಿಂದ ತೆರೆದಿದೆ. ಹಳೇ ಟಿಕೆಟ್, ಕಂಡಕ್ಟರರ ಟೋಪಿ, ಬ್ಯಾಡ್ಜು, ಫೋಟೊಗಳು. ಅಲ್ಲೇ ಕೂತು ಚಹಾ ಕುಡಿಯಬಹುದು.

ಇಲ್ಲಿ ಟ್ರಾಮ್ ಶುರುವಾಗಿದ್ದು ಕುದುರೆಯಿಂದ. 1873ರ ಫೆಬ್ರವರಿ 24ರಂದು ಸಿಯಾಲದಾದಿಂದ ಆರ್ಮೇನಿಯನ್ ಘಾಟಿಗೆ ಮೊದಲ ಗಾಡಿ ಓಡಿತು. ಅದೇ ನವೆಂಬರಿನಲ್ಲಿ ನಿಂತೂ ಹೋಯಿತು. 1880ರಲ್ಲಿ ಲಂಡನ್ನಿನಲ್ಲಿ ಕಲ್ಕತ್ತಾ ಟ್ರಾಮ್‌ವೇಸ್ ಕಂಪನಿ ನೋಂದಣಿಯಾಗಿ ಮತ್ತೆ ಹಳಿ ಹಾಕಿದರು. 1882ರಲ್ಲಿ ಉಗಿ ಇಂಜಿನ್ ಕಟ್ಟಿಯೂ ನೋಡಿದರು. 1902ರ ಮಾರ್ಚ್ 27ರಂದು ಎಸ್‌ಪ್ಲನೇಡ್‌ನಿಂದ ಖಿದಿರ್‌ಪುರಕ್ಕೆ ಕರೆಂಟಿನ ಟ್ರಾಮ್ ಹೊರಟಿತು. ಮೀಟರ್ ಗೇಜ್ ಹಳಿ ಕಿತ್ತು 1435 ಮಿಲಿಮೀಟರ್ ಅಗಲದ ಹಳಿ ಹಾಕಿದ್ದೂ ಆಗಲೇ. 1943ರಲ್ಲಿ ಹೌರಾ ಸೇತುವೆ ತೆರೆದಾಗ ಮೊದಲು ದಾಟಿದ್ದು ಒಂದು ಟ್ರಾಮ್. ಆ ಸೇತುವೆ ಮೇಲೆ 1993ರವರೆಗೂ ಟ್ರಾಮ್ ಓಡಿದೆ.

ನನ್ನನ್ನು ಹಿಡಿದಿಟ್ಟದ್ದು 1953ರ ಕಥೆ. ಎರಡನೇ ದರ್ಜೆಯ ಟಿಕೆಟ್ ದರವನ್ನು ಕಂಪನಿ ಒಂದು ಪೈಸೆ ಏರಿಸಿತು. ಊರಿಗೆ ಊರೇ ಬೀದಿಗಿಳಿಯಿತು. ಹರತಾಳ, ಗೋಲಿಬಾರ್, ಟ್ರಾಮಿಗೆ ಬೆಂಕಿ, ಎಲ್ಲವೂ ಆಯಿತು. ಒಂದು ಪೈಸೆಗೆ! ಹಿಂದಿನ ಡಬ್ಬಿಯಲ್ಲಿ ದಿನವೂ ಹೋಗುವ ಕೂಲಿಗೆ, ಗುಮಾಸ್ತನಿಗೆ ಆ ಪೈಸೆ ಎಷ್ಟು ದೊಡ್ಡದು ಅನ್ನೋದು ಅದರಿಂದಲೇ ಗೊತ್ತಾಗುತ್ತೆ. ಟ್ರಾಮ್ ಅವರ ಗಾಡಿಯಾಗಿತ್ತು.

ಮಧ್ಯಾಹ್ನ 5ನೇ ನಂಬರಿನಲ್ಲಿ ಕಾಲೇಜ್ ಸ್ಟ್ರೀಟ್, ಹಾತಿಬಾಗಾನ್ ದಾಟಿ ಶ್ಯಾಮಬಜಾರಿಗೆ ಹೋದೆವು. ಪುಸ್ತಕದ ಅಂಗಡಿಗಳು ಕಿಟಕಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಒಬ್ಬ ಅಜ್ಜಿ ಕೈ ಎತ್ತಿದರು. ಚಾಲಕರು ಸ್ಟಾಪ್ ಇಲ್ಲದಿದ್ದರೂ ನಿಧಾನ ಮಾಡಿದರು. ಮೆಟ್ಟಿಲು ತಗ್ಗು, ಅಜ್ಜಿ ಯಾರ ಸಹಾಯವೂ ಇಲ್ಲದೆ ಹತ್ತಿದರು. ನಮ್ಮ ಬಸ್ಸಿನ ಮೆಟ್ಟಿಲು ಹತ್ತಲು ಅವ್ವ ಪಡುವ ಕಷ್ಟ ನನಗೆ ಗೊತ್ತು.

ಸೋಮವಾರ

ನಾವು ಬಂದದ್ದೇ ಈ ದಿನಕ್ಕಾಗಿ. ನೋನಾಪುಕುರ್ ಕಾರ್ಖಾನೆ. ಕೋಲ್ಕತ್ತಾದ ಟ್ರಾಮುಗಳಿಗೆ ದೊಡ್ಡ ರಿಪೇರಿ ನಡೆಯುವುದು ಇಲ್ಲಿ. ಗಾಡಿಯ ಮೈಯನ್ನೇ ಇಲ್ಲಿ ಕಟ್ಟಿದ ಕಾಲವೂ ಇತ್ತು. ಬೆಳಗಾವಿಯಿಂದಲೇ ಪತ್ರ ಬರೆದು ಒಪ್ಪಿಗೆ ಪಡೆದಿದ್ದೆವು. ಗೇಟಿನಲ್ಲಿ ಹೆಸರು ಬರೆಸಿಕೊಂಡು ಒಳಗೆ ಬಿಟ್ಟರು. ಫೋಟೊ ಬೇಡ ಅಂದರು, ಅದೇ ಒಳ್ಳೇದಾಯ್ತು. ಇಬ್ಬರೂ ಕಣ್ಣಿಂದಲೇ ನೋಡಿದೆವು.

ಒಳಗೆ ಕಾಲಿಟ್ಟ ಕೂಡಲೇ ಕಾಕಾ ನಿಂತುಬಿಟ್ಟರು. ಮೂಗು ಎತ್ತಿ ಗಾಳಿ ಎಳೆದುಕೊಂಡರು. "ಡಿಪೋ ಅಂತಾರ, ಡೀಸೆಲ್ ವಾಸನೀನ ಇಲ್ಲಲೋ ತಮ್ಮಾ!" ನಿಜ. ಗ್ರೀಸು, ಕಾಯಿಸಿದ ವಾರ್ನಿಶ್, ಕಬ್ಬಿಣದ ಪುಡಿ, ಹಳೇ ಮರ, ಇವುಗಳ ವಾಸನೆ ಇತ್ತು. ಹೊಗೆ ಇಲ್ಲ. ಗೋಡೆಗಳಿಗೆ ಮಸಿ ಇಲ್ಲ. ಡಿಪೋದ ಕೆಲಸದಿಂದ ಎದೆಗೆ ಹೊಗೆ ಕುಡಿದವರು ಕಾಕಾ. ಅವರಿಗೆ ಇದು ಬಹಳ ದೊಡ್ಡ ವಿಷಯ.

ನಮ್ಮನ್ನು ಸುತ್ತಾಡಿಸಿದವರು ಒಬ್ಬ ಹಿರಿಯ ಫಿಟ್ಟರ್. ಅವರಿಗೆ ಬಂಗಾಳಿ ಮತ್ತು ಸ್ವಲ್ಪ ಹಿಂದಿ. ಕಾಕಾಗೆ ಕನ್ನಡ, ಮರಾಠಿ ಮತ್ತು ಮರಾಠಿ ಬೆರೆತ ಹಿಂದಿ. ನಾನು ನಡುವೆ ನಿಂತು ಹೇಳಿಕೊಡಲು ಹೋದೆ. ಬೇಕಾಗಲಿಲ್ಲ. ಇಬ್ಬರೂ ಬೆರಳು ತೋರಿಸಿ, ತಲೆ ಆಡಿಸಿ ಮುಂದೆ ಹೋಗಿಬಿಟ್ಟರು.

ಮೊದಲು ಚಕ್ರಗಳು. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ತಿರುಗದೆ ಹಳಿ ಮೇಲೆ ಜಾರುತ್ತದೆ. ಉಜ್ಜಿದ ಜಾಗ ಚಪ್ಪಟೆಯಾಗುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಅದು 'ಟಕ್' ಅನ್ನುತ್ತದೆ. ಹಿಂದಿನ ದಿನ ಕಾಲೇಜ್ ಸ್ಟ್ರೀಟಿನಲ್ಲಿ ಆ ಸದ್ದು ಕೇಳಿದ ಕಾಕಾ "ಇದರ ಗಾಲಿ ಗುಂಡಗಿಲ್ಲ" ಎಂದಿದ್ದರು. ಇಲ್ಲಿ ಅಂಥ ಚಕ್ರವನ್ನು ಅಚ್ಚಿನ ಸಮೇತ ದೊಡ್ಡ ಲೇತಿಗೆ ಹಾಕಿ ಕಡೆಯುತ್ತಾರೆ. ಸುರುಳಿ ಸುರುಳಿಯಾಗಿ ಉಕ್ಕಿನ ಸಿಪ್ಪೆ ಕೆಳಗೆ ಬಿದ್ದಿತ್ತು. ಎರಡೂ ಬದಿಯ ಚಕ್ರ ಒಂದೇ ಅಳತೆಗೆ ಬರಬೇಕು. ಇಲ್ಲದಿದ್ದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಆಮೇಲೆ ಕಂಟ್ರೋಲರ್. ಶನಿವಾರ ನೋಡಿದ ಹಿತ್ತಾಳೆ ಹಿಡಿಕೆಯ ಕೆಳಗಿನ ಪೆಟ್ಟಿಗೆ ಅದು. ಬಾಗಿಲು ತೆಗೆದಿಟ್ಟಿದ್ದರು. ನಡುವೆ ಒಂದು ನಿಂತ ದಂಡ, ಅದರ ಸುತ್ತ ತಾಮ್ರದ ಪಟ್ಟಿಗಳು, ಎದುರಿಗೆ ಸಾಲಾಗಿ ತಾಮ್ರದ ಬೆರಳುಗಳು. ಹಿಡಿಕೆ ತಿರುಗಿಸಿದಂತೆ ಯಾವ ಬೆರಳು ಯಾವ ಪಟ್ಟಿಗೆ ಮುಟ್ಟಬೇಕು ಅನ್ನೋದು ಬದಲಾಗುತ್ತದೆ. ಹೊರಡುವಾಗ ಮೋಟಾರುಗಳು ಒಂದರ ಹಿಂದೆ ಒಂದು, ಸೀರೀಸಿನಲ್ಲಿ ಇರುತ್ತವೆ. ಜೊತೆಗೆ ಕರೆಂಟ್ ತಡೆಯುವ ಕಬ್ಬಿಣದ ರೆಸಿಸ್ಟರುಗಳೂ ದಾರಿಯಲ್ಲಿ ಕೂತಿರುತ್ತವೆ. ಹಾಗಾಗಿ ಒಮ್ಮೆಲೇ ಕರೆಂಟ್ ನುಗ್ಗುವುದಿಲ್ಲ. ಹಿಡಿಕೆ ಮುಂದೆ ಹೋದಂತೆ ರೆಸಿಸ್ಟರುಗಳು ಒಂದೊಂದಾಗಿ ಬಿಟ್ಟುಹೋಗುತ್ತವೆ. ಕೊನೆಗೆ ಮೋಟಾರುಗಳು ಪ್ಯಾರಲಲ್‌ಗೆ ಬಂದು ಪೂರ್ತಿ ವೋಲ್ಟೇಜ್ ಪಡೆಯುತ್ತವೆ. ಕಂಪ್ಯೂಟರ್ ಇಲ್ಲ, ಚಿಪ್ ಇಲ್ಲ. ತಾಮ್ರಕ್ಕೆ ತಾಮ್ರ ಮುಟ್ಟುವುದು, ಬಿಡುವುದು, ಅಷ್ಟೇ.

ಬಿಡುವಾಗ ಕಿಡಿ ಹಾರುತ್ತದೆ. ಕಿಡಿ ಹಾರಿ ಹಾರಿ ಬೆರಳಿನ ತುದಿ ಸುಟ್ಟು ಗುಳಿ ಬೀಳುತ್ತದೆ. ಒಬ್ಬ ಹುಡುಗ ಅದನ್ನು ವೈಸಿಗೆ ಕಚ್ಚಿಸಿ ಅರದಿಂದ ಉಜ್ಜುತ್ತಿದ್ದ. ಪದೇ ಪದೇ ಬೆಳಕಿಗೆ ಹಿಡಿದು ನೋಡುತ್ತಿದ್ದ. ಪಟ್ಟಿಗೆ ಅಂಟಿ ಕೂರುವ ಹಾಗೆ ತುದಿ ಬರಬೇಕು. ತುಂಬಾ ಸವೆದಿದ್ದರೆ ಹೊಸದು ಹಾಕಬೇಕು. ಆ ಹೊಸದು ಎಲ್ಲಿ ಸಿಗುತ್ತೆ ಅಂತ ಕೇಳಿದೆ. ಫಿಟ್ಟರ್ ನಕ್ಕು ನೆಲದ ಕಡೆ ಕೈ ತೋರಿಸಿದರು. ಇಲ್ಲೇ ಮಾಡ್ತೀವಿ, ಇಲ್ಲಾಂದ್ರೆ ನಿಂತ ಗಾಡಿಯಿಂದ ತೆಗೀತೀವಿ ಅಂದರು. ಅಂಗಡಿಯಲ್ಲಿ ಸಿಗುವ ಸಾಮಾನು ಅದಲ್ಲ.

ಮೂಲೆಯಲ್ಲಿ ಬಿಚ್ಚಿಟ್ಟ ಮೋಟಾರಿನ ಆರ್ಮೇಚರ್, ಅಂದ್ರೆ ಒಳಗೆ ತಿರುಗುವ, ತಂತಿ ಸುತ್ತಿದ ಭಾಗ ಇತ್ತು. ನಾವು ಅಲ್ಲಿ ನಿಂತಷ್ಟು ಹೊತ್ತು ಬೇರೆ ಎಲ್ಲೂ ನಿಲ್ಲಲಿಲ್ಲ. ಅದರ ಒಂದು ತುದಿಗೆ ತಾಮ್ರದ ಸಣ್ಣ ಸಣ್ಣ ಪಟ್ಟಿಗಳನ್ನು ಸುತ್ತಲೂ ಜೋಡಿಸಿದ ಉರುಳೆ ಇರುತ್ತದೆ, ಕಮ್ಯುಟೇಟರ್. ಪಟ್ಟಿ ಪಟ್ಟಿಯ ನಡುವೆ ಅಭ್ರಕದ ತೆಳು ಹಾಳೆ. ಮೇಲೆ ಕಾರ್ಬನ್ ಬ್ರಶ್ ಕೂತು ಕರೆಂಟ್ ಕೊಡುತ್ತದೆ. ಫಿಟ್ಟರ್ ಒಂದು ಸಣ್ಣ ಬ್ಲೇಡಿನಂಥ ಗರಗಸ ತಗೊಂಡು ಎರಡು ಪಟ್ಟಿಗಳ ನಡುವಿನ ಅಭ್ರಕವನ್ನು ಒಂದಿಷ್ಟು ಕೆಳಕ್ಕೆ ಕೆರೆದರು. ತಾಮ್ರ ಬೇಗ ಸವೆಯುತ್ತದೆ, ಅಭ್ರಕ ಅಷ್ಟು ಬೇಗ ಸವೆಯುವುದಿಲ್ಲ. ಅದು ಮೇಲೆ ಎದ್ದು ನಿಂತರೆ ಬ್ರಶ್ ಕುಣಿಯುತ್ತದೆ, ಕಿಡಿ ಹಾರುತ್ತದೆ.

ಕೆರೆದಾದ ಮೇಲೆ ಅವರು ಉಜ್ಜಲು ಕಾಗದ ತಗೊಂಡರು. ಕಾಕಾ ಥಟ್ಟನೆ ಕೇಳಿದರು, "ಎಮರಿ?" ಫಿಟ್ಟರ್ ಜೋರಾಗಿ ತಲೆ ಆಡಿಸಿದರು. "ನಹೀ ನಹೀ, ಸ್ಯಾಂಡ್ ಪೇಪರ್." ಇಬ್ಬರೂ ನಕ್ಕರು. ನನಗೆ ಅರ್ಥವಾಗಲಿಲ್ಲ, ಆಮೇಲೆ ಕಾಕಾ ಬಿಡಿಸಿ ಹೇಳಿದರು. ಎಮರಿ ಕಾಗದದ ಪುಡಿ ಪಟ್ಟಿಗಳ ಸಂದಿಯಲ್ಲಿ ಕೂತರೆ ಕರೆಂಟ್ ಹರಿಯಬಹುದು, ಪಟ್ಟಿಗಳು ಶಾರ್ಟ್ ಆಗುತ್ತವೆ. ಮರಳು ಕಾಗದವಾದರೆ ಆ ಭಯವಿಲ್ಲ. ಹಳೇ ಬಸ್ಸುಗಳ ಡೈನಮೊ, ಸ್ಟಾರ್ಟರ್ ಮೋಟಾರ್ ಬಿಚ್ಚುವಾಗ ಅವರ ಗುರು ಬೆಳಗಾವಿಯಲ್ಲಿ ಹೇಳಿಕೊಟ್ಟ ಮೊದಲ ಮಾತೇ ಇದು. ಇಲ್ಲಿ ಈ ಫಿಟ್ಟರಿಗೂ ಅವರ ಗುರು ಅದನ್ನೇ ಹೇಳಿದ್ದರು.

ಅಲ್ಲಿಂದ ಮುಂದೆ ಅವರಿಬ್ಬರೂ ದೋಸ್ತರು. ಕಾಕಾ ಕಮ್ಯುಟೇಟರ್ ಮೇಲೆ ಹೆಬ್ಬೆರಳಿನ ಉಗುರು ಎಳೆದು ನೋಡಿದರು. ಒಂದು ಕಡೆ ಉಗುರು ಸಿಕ್ಕಿತು. ಅಲ್ಲಿ ಇನ್ನೂ ಸ್ವಲ್ಪ ಬೇಕು ಅಂತ ತೋರಿಸಿದರು. ಫಿಟ್ಟರ್ ಕಾಗದವನ್ನು ಅವರ ಕೈಗೇ ಕೊಟ್ಟರು. ನಿವೃತ್ತಿಯಾದ ಮೇಲೆ ಕಾಕಾ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಊಟದ ಹೊತ್ತಿಗೆ ಕುಂದಾ ಡಬ್ಬಿ ತೆರೆದೆವು. ಹಾಲನ್ನು ಇಷ್ಟು ಹೊತ್ತು ಕುದಿಸಿ ಕಂದು ಬಣ್ಣಕ್ಕೆ ತಂದಿದ್ದೀರಾ ಅಂತ ಅವರು ಮೆಚ್ಚಿದರು. ಸಿಹಿಯ ವಿಷಯದಲ್ಲಿ ಬಂಗಾಳಿಗಳ ಮೆಚ್ಚುಗೆ ಸಿಗೋದು ಸುಮ್ನೆ ಅಲ್ಲ. ಆಗ ಮಾತು ಮುಂದೇನು ಅನ್ನೋದಕ್ಕೆ ಬಂತು. ಹೈಕೋರ್ಟಿನಲ್ಲಿ ಪ್ರಕರಣ ನಡೆದಿದೆ. ಟ್ರಾಮ್ ಬಳಸುವವರ ಸಂಘ ಹೋರಾಡುತ್ತಿದೆ. 2023ರಲ್ಲಿ 150 ವರ್ಷದ ಮೆರವಣಿಗೆ ನಡೆದಾಗ ದಾರಿಯುದ್ದಕ್ಕೂ ಜನ ನಿಂತಿದ್ದರಂತೆ. ಆದರೆ ಕೆಲಸ ಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಕಲಿಯಲು ಬರುವವರು ಕಡಿಮೆ. ಆರ್ಮೇಚರ್ ಸುತ್ತುವುದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ ಅಂದರು ಫಿಟ್ಟರ್. ತಂತಿಯನ್ನು ಎಷ್ಟು ಬಿಗಿಯಾಗಿ ಎಳೆಯಬೇಕು ಅನ್ನೋದು ಕೈಗೆ ಗೊತ್ತಾಗಬೇಕು.

ಹೊರಗೆ ಅಂಗಳದಲ್ಲಿ ನಿಂತುಹೋದ ಗಾಡಿಗಳಿದ್ದವು. ಕಿಟಕಿಯ ಮರದ ಪಟ್ಟಿಗಳು ಬಾಯಿ ಬಿಟ್ಟಿದ್ದವು. ಒಳಗೆ ಸೀಟು ಇಲ್ಲ, ಹಿಡಿಕೆ ಇಲ್ಲ. ಬೇಕಾದದ್ದನ್ನೆಲ್ಲ ತೆಗೆದು ಓಡುವ ಗಾಡಿಗಳಿಗೆ ಹಾಕಿದ್ದಾರೆ. ನೋಡಿ ನನಗೆ ಬೇಜಾರಾಯಿತು. ಕಾಕಾಗೆ ಆಗಲಿಲ್ಲ. "ಇದರ ಸಾಮಾನು ಇನ್ನೊಂದರಾಗ ಓಡಾಕತ್ತೈತಿ. ಇದು ಸತ್ತಿಲ್ಲ" ಅಂದರು.

ಮಂಗಳವಾರ

ರೈಲಿಗೆ ಇನ್ನೂ ಹೊತ್ತಿತ್ತು. ಮೈದಾನದ ಕಡೆ ನಡೆದುಕೊಂಡು ಹೋದೆವು. 1902ರಲ್ಲಿ ಮೊದಲ ಕರೆಂಟಿನ ಟ್ರಾಮ್ ಓಡಿದ ಖಿದಿರ್‌ಪುರದ ದಾರಿ ಇದೇ. 2020ರ ಮೇ ತಿಂಗಳಲ್ಲಿ ಅಂಫಾನ್ ಚಂಡಮಾರುತ ಬಂದು ಮರ, ತಂತಿ ಎಲ್ಲ ಕೆಡವಿತು. ಅಂದಿನಿಂದ ಈ ಮಾರ್ಗ ನಿಂತಿದೆ. ಈಗ ಪರಂಪರೆಯ ಟ್ರಾಮ್ ಓಡಿಸುತ್ತೇವೆ ಅನ್ನೋದು ಈ ಮೈದಾನದ ಕಡೆಗೇ. ಹಸಿರು, ಮರಗಳ ಸಾಲು, ರಸ್ತೆಯಿಂದ ಬೇರೆಯಾದ ಹಳಿ. ಪ್ರವಾಸಿಗರಿಗೆ ಇಷ್ಟವಾಗುತ್ತೆ, ಅದರಲ್ಲಿ ಅನುಮಾನ ಇಲ್ಲ.

ಆದರೆ ಕಾಕಾ ಹಳಿಯ ಪಕ್ಕ ಕೂತು ಲೆಕ್ಕ ಹಾಕಿದರು. ಇಷ್ಟು ಚಿಕ್ಕ ದಾರಿಗೆ ಕೈಬೆರಳೆಣಿಕೆಯ ಗಾಡಿ ಸಾಕು. ಅಷ್ಟೇ ಗಾಡಿಗೆ ಆ ದೊಡ್ಡ ಲೇತನ್ನು ಯಾರು ನಡೆಸುತ್ತಾರೆ? ಆರ್ಮೇಚರ್ ಸುತ್ತುವವರಿಗೆ ವರ್ಷದಲ್ಲಿ ಎಷ್ಟು ದಿನ ಕೆಲಸ? ಕೆಲಸ ಇಲ್ಲದಿದ್ದರೆ ಕೈ ಮರೆಯುತ್ತದೆ. ಒಂದು ದಿನ ಆ ಗಾಡಿಗಳ ಮೋಟಾರೂ ಸುಡುತ್ತದೆ, ಆಗ ಅವೂ ಗಾರಿಯಾಹಾಟ್‌ನಲ್ಲಿ ದೀಪ ಹಾಕಿಸಿಕೊಂಡು ನಿಲ್ಲಬೇಕಾಗುತ್ತದೆ. ನನಗೂ ಹಾಗೇ ಅನ್ನಿಸುತ್ತದೆ. ಎಸ್‌ಪ್ಲನೇಡ್‌ನಲ್ಲಿ ಇಟ್ಟ ಟೋಪಿ, ಟಿಕೆಟ್ಟಿಗಿಂತ ನೋನಾಪುಕುರ್‌ನ ಆ ಹುಡುಗ ಅರ ಹಿಡಿದ ರೀತಿಯೇ ಮೊದಲು ಉಳಿಸಬೇಕಾದದ್ದು. 5 ಮತ್ತು 25ನೇ ನಂಬರ್ ದಿನವೂ ಓಡಿದರೆ ಮಾತ್ರ ಅದು ಉಳಿಯುತ್ತದೆ.

ರೈಲಿನಲ್ಲಿ ಕಾಕಾ ಒಂದು ನೋಟ್‌ಬುಕ್ ತೆಗೆದು ಚಿತ್ರ ಬರೆಯತೊಡಗಿದರು. ಕಂಟ್ರೋಲರ್ ಬೆರಳು, ಅದರ ಸ್ಪ್ರಿಂಗು, ಅಭ್ರಕ ಕೆರೆಯುವ ಗರಗಸ. ಬೆಳಗಾವಿಯ ಐಟಿಐನಲ್ಲಿ ಅವರಿಗೆ ಗುರುತಿನವರಿದ್ದಾರೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಓದುವ ಹುಡುಗರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನೋದು ಅವರ ಹಟ. ಒಪ್ಪಿಗೆಯ ಪತ್ರವನ್ನು ಈ ಸಲ ಇನ್ನೂ ಬೇಗ ಬರೆಯಬೇಕು ಅಂದರು. ಬಳ್ಳಾರಿ ಬರುವಷ್ಟರಲ್ಲಿ ಅದರ ಕರಡು ಸಿದ್ಧವಾಗಿತ್ತು. ಹಿಂದಿಗೆ ನಾನು ತಿದ್ದಿಕೊಡಬೇಕು.